ಮೇಜಿನ ಮೇಲೊಂದು ರಸ್ತೆ

ಮಕ್ಕಳೇ, ವಿಜ್ಞಾನ ಮೇಳಗಳಲ್ಲಿ ಊರಿನ ಮಾದರಿಗಳನ್ನು ನೀವು ನೋಡಿರಬಹುದು. ರಟ್ಟಿನ ಮನೆಗಳು, ಹಸಿರು ಕಾಗದದ ಗದ್ದೆ, ನಡುವೆ ಕಪ್ಪು ಕಾಗದದ ಒಂದು ಪಟ್ಟಿ, ಅದರ ಮೇಲೊಂದು ಆಟಿಕೆ ಕಾರು. ಮನೆ ಮನೆಯಂತೆಯೇ ಕಾಣುತ್ತದೆ. ಆದರೆ ಆ ಕಪ್ಪು ಪಟ್ಟಿ ಮಾತ್ರ ರಸ್ತೆಯಂತೆ ಕಾಣುವುದಿಲ್ಲ. ಏಕೆ?

ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ನಡೆಸುವ ಆಟ ಹಲವು ದೇಶಗಳಲ್ಲಿದೆ. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಇಂತಹ ಆಟಕ್ಕೆ ನಿಯಮಗಳನ್ನು ಬರೆದು ಪುಸ್ತಕವನ್ನೇ ಪ್ರಕಟಿಸಿದರು. ಈ ಆಟಗಳಿಗೆ ಬೇಕಾದ ರಸ್ತೆ, ಸೇತುವೆ, ಮರಗಳನ್ನು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ನಾವು ಹಳೆಯ ರಟ್ಟಿನ ಪೆಟ್ಟಿಗೆಯಿಂದ ಮಂಗಳೂರಿನ ರಸ್ತೆಯೊಂದನ್ನು ಮಾಡೋಣ.

ಮೊದಲು ಅಳತೆ

1 ಮೀಟರಿಗೆ 1 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಅಂದರೆ ಎಲ್ಲವೂ ನೂರರಲ್ಲಿ ಒಂದು ಪಾಲು. ಎರಡು ವಾಹನಗಳು ಎದುರುಬದುರಾಗಿ ಸಾಗುವ ರಸ್ತೆ ಸಾಮಾನ್ಯವಾಗಿ 7 ಮೀಟರ್ ಅಗಲ. ನಮ್ಮ ರಸ್ತೆ 7 ಸೆಂ.ಮೀ. (ನಿಜವಾದ ರಸ್ತೆಗಿಳಿದು ಅಳೆಯಲು ಹೋಗಬೇಡಿ!) ಆಟೋರಿಕ್ಷಾ ಸುಮಾರು ಎರಡೂವರೆ ಸೆಂ.ಮೀ. ಉದ್ದ. ಮನುಷ್ಯನಿಗೆ ಬೆಂಕಿಕಡ್ಡಿಯ ಅರ್ಧ ತುಂಡೂ ಹೆಚ್ಚೇ. ಅಂಗಡಿಯಿಂದ ತಂದ ಆಟಿಕೆ ಕಾರನ್ನು ಈ ರಸ್ತೆಯಲ್ಲಿಟ್ಟು ನೋಡಿ. ಅದು ನಿಜವಾದ ಬಸ್ಸಿಗಿಂತಲೂ ಅಗಲವಾಗಿ ಕಂಡೀತು. ಮೇಳದ ರಸ್ತೆ ನಮ್ಮನ್ನು ನಂಬಿಸದಿರಲು ಇದು ಮೊದಲ ಕಾರಣ.

ಬೇಕಾಗುವ ಸಾಮಗ್ರಿಗಳು: ದಪ್ಪ ರಟ್ಟು, ಹಳೆಯ ಮದುವೆ ಆಮಂತ್ರಣ ಪತ್ರಗಳು, ಬಡಗಿಗಳು ಬಳಸುವ ಬಿಳಿ ಅಂಟು, ಇದ್ದಿಲು, ಸೀಮೆಸುಣ್ಣ, ಮುರಕಲ್ಲಿನ ಪುಡಿ, ತೆಂಗಿನ ನಾರು, ತೊಳೆದ ಹಾಲಿನ ಪ್ಯಾಕೆಟ್, ಒಂದು ಪೆನ್ಸಿಲ್. ಮೈದಾ ಅಂಟು ಇನ್ನೂ ಅಗ್ಗ, ನಿಜ. ಆದರೆ ನಮ್ಮ ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿಯುತ್ತದೆ. ಉಳಿದದ್ದು ಜಿರಲೆಗಳ ಪಾಲು.

ರಟ್ಟನ್ನು 7 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಅದರ ಎರಡೂ ಬದಿಗೆ ಕಾಗದ ಅಂಟಿಸಿ. ಒಂದೇ ಬದಿಗೆ ಅಂಟಿಸಿದರೆ ಒದ್ದೆ ಕಾಗದ ಒಣಗುವಾಗ ಕುಗ್ಗಿ ರಟ್ಟನ್ನು ಎಳೆದು ಬಾಗಿಸುತ್ತದೆ. ಎರಡು ಬದಿಯ ಎಳೆತ ಸಮನಾದರೆ ರಟ್ಟು ನೆಟ್ಟಗಿರುತ್ತದೆ.

ಮೇಲ್ಮೈಗೆ ಮರಳು ಉದುರಿಸೋಣ ಅನ್ನುತ್ತೀರಾ? ಸ್ವಲ್ಪ ತಾಳಿ. 1 ಮಿಲಿಮೀಟರಿನ ಮರಳಿನ ಕಣ ನಮ್ಮ ಲೆಕ್ಕದಲ್ಲಿ 10 ಸೆಂ.ಮೀ.ನ ಕಲ್ಲು! ಸುಲಿದ ತೆಂಗಿನಕಾಯಿಗಳನ್ನು ಹರಡಿದಂತಿರುವ ರಸ್ತೆಯಲ್ಲಿ ಯಾರು ಆಟೋ ಓಡಿಸುತ್ತಾರೆ? ಆದ್ದರಿಂದ ಇದ್ದಿಲು ಮತ್ತು ಸೀಮೆಸುಣ್ಣವನ್ನು ಪುಡಿಮಾಡಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಅಂಟಿನ ಮೇಲೆ ಉದುರಿಸಿ. ಸೀಮೆಸುಣ್ಣ ಯಾಕೆಂದರೆ, ಡಾಮರು ರಸ್ತೆ ಕಪ್ಪಗಿರುವುದು ಹೊಸತರಲ್ಲಿ ಮಾತ್ರ. ಚಕ್ರಗಳು ಉಜ್ಜಿ ಮೇಲಿನ ಡಾಮರು ಸವೆದಾಗ ಒಳಗಿನ ಜಲ್ಲಿ ಕಂಡು ರಸ್ತೆ ಬೂದು ಬಣ್ಣಕ್ಕೆ ತಿರುಗುತ್ತದೆ. ನಗರದಲ್ಲಿ ಹಲವೆಡೆ ಇರುವ ಕಾಂಕ್ರೀಟು ರಸ್ತೆ ಬೇಕಿದ್ದರೆ ಸೀಮೆಸುಣ್ಣವೇ ಹೆಚ್ಚಿರಲಿ.

ಅಂಚಿಗೆ ಮುರಕಲ್ಲಿನ ಕೆಂಪು ಪುಡಿ, ಅಲ್ಲಲ್ಲಿ ಪೊದೆಗೆ ತೆಂಗಿನ ನಾರು. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು 1807ರಲ್ಲಿ. ಕೇರಳದ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಆ ಹೆಸರಿಟ್ಟರು.

ಗುಡ್ಡ ಏರುವ ರಸ್ತೆ ಬೇಕೇ? ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತಿದವರಿಗೆ ಏರು ಅಂದರೇನೆಂದು ಗೊತ್ತು. ಗುಡ್ಡದ ಹೆದ್ದಾರಿಗಳಲ್ಲಿ 20 ಮೀಟರ್ ಸಾಗುವಾಗ 1 ಮೀಟರ್ ಏರಿದರೆ ವಾಹನಗಳಿಗೆ ಹಿತ. ಹಾಗಾದರೆ ಮೇಜಿನ ಮೇಲೆ 5 ಸೆಂ.ಮೀ. ಏರಲು 1 ಮೀಟರ್ ಉದ್ದದ ರಟ್ಟು ಬೇಕು. ಮೇಜು ಅಷ್ಟುದ್ದ ಇಲ್ಲದಿದ್ದರೆ ರಸ್ತೆಯನ್ನು ತಿರುಗಿಸಲೇಬೇಕು. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳ ಗುಟ್ಟೂ ಇದೇ.

ರಸ್ತೆಯ ಬೆನ್ನು

ಈಗ ಮುಖ್ಯ ಸಂಗತಿ. ನಿಜವಾದ ರಸ್ತೆ ಚಪ್ಪಟೆಯಾಗಿರುವುದಿಲ್ಲ. ನಡುವೆ ಸ್ವಲ್ಪ ಉಬ್ಬಿ, ಎರಡು ಅಂಚಿಗೆ ಇಳಿದಿರುತ್ತದೆ. ಎಂಜಿನಿಯರುಗಳು ಇದನ್ನು ಕ್ಯಾಂಬರ್ ಎನ್ನುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಆ ನೀರು ಚರಂಡಿಗೆ ಹರಿಯದೆ ರಸ್ತೆಯಲ್ಲೇ ನಿಂತರೆ ಬಿರುಕುಗಳಲ್ಲಿ ಇಳಿದು ಕೆಳಗಿನ ಮಣ್ಣನ್ನು ಮೆತ್ತಗಾಗಿಸುತ್ತದೆ. ಮೇಲೆ ಲಾರಿಯ ಚಕ್ರ ಒತ್ತಿದಾಗ ಡಾಮರು ಕುಸಿದು ಒಡೆಯುತ್ತದೆ. ಒಂದು ಸಣ್ಣ ಹೊಂಡ. ಅದರಲ್ಲಿ ಇನ್ನಷ್ಟು ನೀರು. ಇನ್ನೂ ದೊಡ್ಡ ಹೊಂಡ. ಕೆಸರು ನೀರಿನಡಿ ಅದರ ಆಳ ಕಾಣದೆ ದ್ವಿಚಕ್ರ ಸವಾರರು ಬೀಳುವುದುಂಟು.

ಹೆಚ್ಚು ಮಳೆಯ ಊರಿನ ಡಾಮರು ರಸ್ತೆಗೆ 40ರಲ್ಲಿ 1ರಷ್ಟು ಇಳಿಜಾರು ಸಾಕು. ರಸ್ತೆಯ ಅರ್ಧ ಅಗಲ ಮೂರೂವರೆ ಮೀಟರ್. ಹಾಗಾಗಿ ನಡುಭಾಗ ಅಂಚಿಗಿಂತ ಸುಮಾರು 9 ಸೆಂ.ಮೀ. ಎತ್ತರ. ನಮ್ಮ ಮಾದರಿಯಲ್ಲಿ 1 ಮಿ.ಮೀ.ಗೂ ಕಡಿಮೆ! ಎರಡು ಮೂರು ಆಮಂತ್ರಣ ಪತ್ರಗಳ ಪಟ್ಟಿಗಳನ್ನು ರಟ್ಟಿನ ನಡುವೆ ಅಡಿಯಲ್ಲಿಟ್ಟರೆ ಆಯಿತು.

ಹಾಲಿನ ಪ್ಯಾಕೆಟ್ಟನ್ನು ಬಿಡಿಸಿ ರಸ್ತೆಗೆ ಹೊದಿಸಿ, ಮೇಲೆ ಒಂದು ಹನಿ ನೀರು ಬಿಡಿ. ಅದು ಹರಿಯುವುದೇ ಇಲ್ಲ! ಹನಿಯ ಅಗಲ 4 ಮಿ.ಮೀ. ಇದ್ದರೆ ನಮ್ಮ ಪುಟ್ಟ ರಸ್ತೆಗೆ ಅದು 40 ಸೆಂ.ಮೀ.ನ ಹಲಸಿನ ಹಣ್ಣಿನಂತಹ ನೀರಿನ ಉಂಡೆ. ರಸ್ತೆಯನ್ನು ಕುಗ್ಗಿಸಿದೆವು, ಆದರೆ ನೀರನ್ನು ಕುಗ್ಗಿಸಲು ಬರುವುದಿಲ್ಲ. ನೀರಿನ ಮೇಲ್ಮೈ ಕರ್ಷಣ ಹನಿಯನ್ನು ಉಂಡೆಯಾಗಿ ಹಿಡಿದಿಡುತ್ತದೆ. ದೊಡ್ಡ ರಸ್ತೆಯ ಮಳೆನೀರಿಗೆ ಇದು ಲೆಕ್ಕಕ್ಕಿಲ್ಲ. ಪುಟ್ಟ ರಸ್ತೆಯಲ್ಲಿ ಇದೇ ಯಜಮಾನ.

ಆದ್ದರಿಂದ ಪ್ರಯೋಗಕ್ಕಾಗಿ ಎರಡು ಬದಲಾವಣೆ ಮಾಡಿ. ಪಟ್ಟಿಗಳ ಬದಲು ಪೆನ್ಸಿಲನ್ನೇ ಅಡಿಯಲ್ಲಿಡಿ. ನೀರಿಗೆ ಚೂರು ಸಾಬೂನು ಬೆರೆಸಿ. ಸಾಬೂನು ಮೇಲ್ಮೈ ಕರ್ಷಣವನ್ನು ತಗ್ಗಿಸುತ್ತದೆ. ಈಗ ನೀರು ಹರಡಿ ಅಂಚಿಗೆ ಇಳಿಯುತ್ತದೆ. ಪೆನ್ಸಿಲ್ ತೆಗೆದು ನೋಡಿ: ನಡುರಸ್ತೆಯಲ್ಲೇ ಕೆರೆ.

ಇನ್ನು ಆಟ. ರಸ್ತೆಯ ಉದ್ದಕ್ಕೆ 5 ಸೆಂ.ಮೀ.ಗೊಂದು ಗೆರೆ ಎಳೆಯಿರಿ. ರಟ್ಟಿನ ಆಟೋ ಒಬ್ಬೊಬ್ಬರಿಗೆ ಒಂದು, ದಾಳ ಎಲ್ಲರಿಗೂ ಸೇರಿ ಒಂದು. ರಟ್ಟನ್ನು ಬೆರಳಿನಿಂದ ನಾಲ್ಕೈದು ಕಡೆ ಒತ್ತಿ ತಗ್ಗು ಮಾಡಿ, ಪ್ಯಾಕೆಟ್ ಹೊದಿಸಿ, ಸಾಬೂನು ನೀರು ಚಿಮುಕಿಸಿ. ನೀರು ನಿಂತ ಮನೆಗಳನ್ನು ಗುರುತಿಟ್ಟುಕೊಂಡು, ಪ್ಯಾಕೆಟ್ ತೆಗೆದು, ಅಲ್ಲಿ ನೀಲಿ ಚುಕ್ಕೆ ಹಾಕಿ. ಚುಕ್ಕೆಯ ಮನೆಗೆ ಬಂದ ಆಟೋಗೆ ಒಂದು ಸರದಿ ಇಲ್ಲ. ಯಾರಾದರೂ ತಮ್ಮ ಒಂದು ಸರದಿ ಬಿಟ್ಟುಕೊಟ್ಟು ಆ ಹೊಂಡಕ್ಕೆ ಕಾಗದದ ಚೂರು ತುಂಬಿ ಅಂಟಿಸಬಹುದು. ಆಗ ಚುಕ್ಕೆ ಅಳಿಸಬೇಕು. ಹೊಂಡ ನಿಜವಾಗಿಯೂ ಮುಚ್ಚಿತೇ ಎಂದು ಜಗಳ ಬಂದರೆ, ಮತ್ತೆ ಪ್ಯಾಕೆಟ್ ಹೊದಿಸಿ ಇನ್ನೊಂದು ಚಮಚ ನೀರು ಹಾಕಿ ನೋಡಿ.