ತೆರೆಯ ರೂಪ ತಳದಲ್ಲಿದೆ

ಶ್ರೀರಂಗಪಟ್ಟಣ ಒಂದು ದ್ವೀಪವೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಪಶ್ಚಿಮದಿಂದ ಬರುವ ಕಾವೇರಿ ಇಲ್ಲಿ ಎರಡು ಕವಲಾಗಿ ಊರನ್ನು ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಶಾಂತಸಾಗರದ ನಡುವೆ ತಹೀತಿ ಎಂಬ ಇನ್ನೊಂದು ದ್ವೀಪವುಂಟು. ಇವೆರಡೂ ಉಷ್ಣವಲಯಕ್ಕೆ ಸೇರಿದವು. ಎರಡನ್ನೂ ನೀರು ಸುತ್ತುವರಿದಿದೆ. ಆದರೆ ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್ ಕ್ರೀಡೆಗಳಲ್ಲಿ ತೆರೆಗಳ ಮೇಲೆ ಹಲಗೆಯೇರಿ ಜಾರುವ ಸರ್ಫಿಂಗ್ ಪಂದ್ಯವನ್ನು ನಡೆಸಲು, ಪ್ಯಾರಿಸ್ಸಿನಿಂದ ಹದಿನೈದು ಸಾವಿರ ಕಿಲೋಮೀಟರಿಗೂ ದೂರವಿರುವ ತಹೀತಿಯ ತೆಯಾಹುಪೋ ಎಂಬ ಹಳ್ಳಿಯನ್ನೇ ಆರಿಸಿದರು. ವೃತ್ತಿಪರ ಸರ್ಫಿಂಗ್ ಪಂದ್ಯಗಳು ಅಲ್ಲಿ ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ನಡೆಯುತ್ತಿದ್ದುವು. ಅಲ್ಲಿನ ತೆರೆಯಲ್ಲಿ ಅಂಥ ವಿಶೇಷವೇನು? ಉತ್ತರವನ್ನು ನೀರಿನ ಮೇಲೆ ಹುಡುಕಿದರೆ ಸಾಲದು, ನೀರಿನ ಅಡಿಯಲ್ಲಿ ಹುಡುಕಬೇಕು. ಇದಕ್ಕಾಗಿ ಮೊದಲು ನಮ್ಮ ಕೆರೆಯ ದಡಕ್ಕೆ ಹೋಗೋಣ.

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ಏರಿಯ ಮೇಲೆ ಗಾಳಿ ಬೀಸುವ ಹೊತ್ತಿನಲ್ಲಿ ನಿಂತರೆ, ಸಣ್ಣ ಅಲೆಗಳು ಸಾಲುಸಾಲಾಗಿ ಬಂದು ಕಲ್ಲುಕಟ್ಟಡಕ್ಕೆ ತಾಗುವುದು ಕಾಣುತ್ತದೆ. ನೀರಿನ ಮೇಲೆ ತೇಲುವ ಒಂದು ಒಣಗಿದ ಎಲೆಯನ್ನು ಗಮನಿಸಿ. ಅಲೆ ಬಂದಾಗ ಎಲೆ ಏರುತ್ತದೆ, ತುಸು ಮುಂದೆ ಸರಿಯುತ್ತದೆ. ಅಲೆ ದಾಟಿದಾಗ ಇಳಿದು, ಬಹುಮಟ್ಟಿಗೆ ಹಿಂದಿನ ಸ್ಥಳಕ್ಕೇ ಮರಳುತ್ತದೆ. ಅಂದಮೇಲೆ ದಡಕ್ಕೆ ಬಂದದ್ದು ನೀರಲ್ಲ, ಶಕ್ತಿ. ನೀರಿನ ಕಣಗಳು ಇದ್ದಲ್ಲಿಯೇ ವೃತ್ತಾಕಾರವಾಗಿ ಸುತ್ತುತ್ತ, ಈ ಶಕ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತವೆ.

ಈ ಶಕ್ತಿಯನ್ನು ಕೊಟ್ಟದ್ದು ಗಾಳಿ. ಗಾಳಿಯ ವೇಗ, ಅದು ಬೀಸಿದ ಕಾಲ, ನೀರಿನ ಮೇಲೆ ಅದು ತಡೆಯಿಲ್ಲದೆ ಓಡಿದ ದೂರ – ಈ ಮೂರೂ ಹೆಚ್ಚಿದಷ್ಟು ಅಲೆ ದೊಡ್ಡದಾಗುತ್ತದೆ. ಕೆರೆಯಲ್ಲಿ ಗಾಳಿಗೆ ಓಡಲು ದೊರೆಯುವ ದೂರ ಬಲು ಕಡಿಮೆ. ಅಲೆ ಬೆಳೆಯುವ ಮೊದಲೇ ಏರಿ ಅಡ್ಡ ಬರುತ್ತದೆ. ದಕ್ಷಿಣ ಮಹಾಸಾಗರದಲ್ಲಾದರೋ ಬಿರುಗಾಳಿಗಳು ಸಾವಿರಾರು ಕಿಲೋಮೀಟರು ಅಡ್ಡಿಯಿಲ್ಲದೆ ಬೀಸುತ್ತವೆ. ಅಲ್ಲಿ ಹುಟ್ಟಿದ ತೆರೆಗಳು ಗಾಳಿ ನಿಂತ ಮೇಲೂ ತಮ್ಮ ಪಯಣವನ್ನು ಮುಂದುವರಿಸಿ, ದೂರದ ತಹೀತಿಯ ಕರೆಯನ್ನು ತಲುಪುತ್ತವೆ.

ಈ ಪಯಣದ ವೇಗವನ್ನು ಲೆಕ್ಕ ಹಾಕಬಹುದು. ಆಳವಾದ ನೀರಿನಲ್ಲಿ ತೆರೆಯ ವೇಗ ಅದರ ಅವಧಿಯನ್ನು, ಎಂದರೆ ಒಂದು ಶಿಖರ ದಾಟಿದ ಮೇಲೆ ಮುಂದಿನ ಶಿಖರ ಬರುವವರೆಗಿನ ಕಾಲವನ್ನು, ಅವಲಂಬಿಸಿದೆ. ಅವಧಿಯ ಸೆಕೆಂಡುಗಳನ್ನು ೧.೫೬ರಿಂದ ಗುಣಿಸಿದರೆ ವೇಗ ಸೆಕೆಂಡಿಗೆ ಇಷ್ಟು ಮೀಟರೆಂದು ದೊರೆಯುತ್ತದೆ. ಅವಧಿ ೧೫ ಸೆಕೆಂಡುಗಳಾದರೆ ವೇಗ ಸೆಕೆಂಡಿಗೆ ೨೩.೪ ಮೀಟರು, ಎಂದರೆ ಗಂಟೆಗೆ ಸುಮಾರು ೮೪ ಕಿಲೋಮೀಟರು. ಶಿಖರದಿಂದ ಶಿಖರಕ್ಕೆ ಇರುವ ದೂರ ಸುಮಾರು ೩೫೦ ಮೀಟರು. ಆದರೆ ತೆರೆಗಳ ಗುಂಪು ಸಾಗುವುದು ಬಿಡಿ ಶಿಖರದ ವೇಗದ ಅರ್ಧದಲ್ಲಿ. ಹೀಗಾಗಿ ಬಿರುಗಾಳಿಯ ಶಕ್ತಿ ಒಂದು ದಿನದಲ್ಲಿ ಸುಮಾರು ಸಾವಿರ ಕಿಲೋಮೀಟರು ಸಾಗುತ್ತದೆ. ಅವಧಿಯಲ್ಲಿ ಕೊಂಚ ಕೊಂಚ ಭೇದವುಳ್ಳ ತೆರೆಗಳು ಒಂದರ ಮೇಲೊಂದು ಕೂಡಿದಾಗ, ಕೆಲವೆಡೆ ಹಿಗ್ಗಿ, ಕೆಲವೆಡೆ ಕುಗ್ಗುತ್ತವೆ. ಕೆಲವು ದೊಡ್ಡ ತೆರೆಗಳು ಒಟ್ಟಾಗಿ ಬಂದು, ಆಮೇಲೆ ಕಡಲು ಬಹಳ ಹೊತ್ತು ಸುಮ್ಮನಿರುವುದಕ್ಕೆ ಕಾರಣ ಇದೇ. ಈ ಮೌನ ಒಬ್ಬ ಸ್ಪರ್ಧಾಳುವಿಗೆ ಎಷ್ಟು ದುಬಾರಿಯಾಯಿತೆಂಬುದನ್ನು ಮುಂದೆ ನೋಡುವೆವು.

ತಳದ ಆಳ ತರಂಗಾಂತರದ ಅರ್ಧಕ್ಕಿಂತ ಕಡಿಮೆಯಾದಾಗ ತೆರೆಗೆ ನೆಲದ ಅರಿವಾಗುತ್ತದೆ. ಇನ್ನೂ ತೆಳುವಾದ ನೀರಿಗೆ ಬಂದಾಗ ಅದರ ವೇಗವನ್ನು ಆಳವೊಂದೇ ನಿರ್ಧರಿಸುತ್ತದೆ: ಆಳವನ್ನು ಗುರುತ್ವದ ವೇಗೋತ್ಕರ್ಷವಾದ ೯.೮ರಿಂದ ಗುಣಿಸಿ, ವರ್ಗಮೂಲ ತೆಗೆದರೆ ವೇಗ ಬರುತ್ತದೆ. ೧೦ ಮೀಟರು ಆಳದಲ್ಲಿ ಸೆಕೆಂಡಿಗೆ ಸುಮಾರು ೧೦ ಮೀಟರು. ಎರಡೂವರೆ ಮೀಟರು ಆಳದಲ್ಲಿ ೫ ಮೀಟರು ಮಾತ್ರ. ಮುಂದಿನ ತೆರೆ ನಿಧಾನಿಸಿದರೂ ಹಿಂದಿನದು ವೇಗವಾಗಿಯೇ ಬರುತ್ತಿರುತ್ತದೆ. ಇದರಿಂದ ತೆರೆಗಳು ಒತ್ತೊತ್ತಾಗಿ, ಅವುಗಳ ಶಕ್ತಿ ಇಕ್ಕಟ್ಟಾಗಿ, ನೀರು ಮೇಲಕ್ಕೆ ಏಳುತ್ತದೆ. ತೆರೆಯ ಎತ್ತರ ಅಲ್ಲಿನ ಆಳದ ಮುಕ್ಕಾಲು ಭಾಗಕ್ಕೆ ಸಮೀಪಿಸಿದಾಗ, ಹೆಚ್ಚು ನೀರಿನ ಮೇಲಿರುವ ಶಿಖರ ತನ್ನ ಬುಡಕ್ಕಿಂತ ಮುಂದಾಗಿ ಮುಗ್ಗರಿಸುತ್ತದೆ. ಇದೇ ತೆರೆ ಮುರಿಯುವ ಕ್ಷಣ.

ಹೇಗೆ ಮುರಿಯುತ್ತದೆ ಎಂಬುದನ್ನು ತಳದ ಇಳಿಜಾರು ಹೇಳುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯ ಬಳಿಯ ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲನ್ನು ಸೇರುತ್ತವೆ. ೨೦೧೬ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಪಂದ್ಯ ನಡೆದದ್ದು ಈ ಕಡಲತೀರದಲ್ಲಿ. ೨೦೨೨ ಮತ್ತು ೨೦೨೩ರಲ್ಲಿ ಅದು ಮಂಗಳೂರಿನ ಪಣಂಬೂರಿನಲ್ಲಿ ನಡೆದು, ೨೦೨೪ರಲ್ಲಿ ಮರಳಿ ಸಸಿಹಿತ್ಲುವಿಗೆ ಬಂದಿತು. ಇಲ್ಲಿನ ತಳ ಮರಳು. ಇಳಿಜಾರು ಸೌಮ್ಯವಾದುದರಿಂದ ತೆರೆ ಬಹುದೂರದವರೆಗೆ ಸ್ವಲ್ಪ ಸ್ವಲ್ಪವಾಗಿ ಶಕ್ತಿಯನ್ನು ಕಳೆದುಕೊಂಡು, ನೆತ್ತಿಯ ಮೇಲೆ ನೊರೆ ಚೆಲ್ಲುತ್ತ ದಡಕ್ಕೆ ಬರುತ್ತದೆ. ಮಳೆಗಾಲದ ಹೊಡೆತಕ್ಕೆ ಮರಳದಿಬ್ಬಗಳು ಸ್ಥಳ ಬದಲಿಸುವುದರಿಂದ, ಈ ವರ್ಷ ತೆರೆ ಮುರಿದ ಜಾಗದಲ್ಲಿಯೇ ಮರುವರ್ಷವೂ ಮುರಿಯುತ್ತದೆಂಬ ಭರವಸೆಯಿಲ್ಲ.

ತೆಯಾಹುಪೋವಿನ ತಳ ಹವಳದ ದಿಬ್ಬ. ಹೊರಗೆ ಕಡಲು ಬಹಳ ಆಳ. ದಿಬ್ಬ ಅದರೊಳಗಿನಿಂದ ಗೋಡೆಯಂತೆ ಎದ್ದು ನೀರಿನ ಮೇಲ್ಮೈಗೆ ಬಲು ಹತ್ತಿರ ಬರುತ್ತದೆ. ನಿಧಾನವಾಗಿ ಶಕ್ತಿ ಕಳೆದುಕೊಳ್ಳಲು ತೆರೆಗೆ ಇಲ್ಲಿ ಸಮಯವೇ ಇಲ್ಲ. ಬುಡ ಒಮ್ಮೆಗೇ ತಡೆಯಲ್ಪಡುತ್ತದೆ, ಶಿಖರ ಮುಂದಕ್ಕೆ ಚಿಮ್ಮಿ ಕಮಾನಿನಂತೆ ಬಾಗುತ್ತದೆ, ನಡುವೆ ಟೊಳ್ಳಾದ ಸುರಂಗ ಉಂಟಾಗುತ್ತದೆ. ದಿಬ್ಬದ ಅಂಚು ತೆರೆಗೆ ಓರೆಯಾಗಿರುವ ಕಾರಣ ತೆರೆ ಒಮ್ಮೆಗೇ ಉದ್ದಕ್ಕೂ ಕುಸಿಯದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಸುರುಳಿ ಸುತ್ತಿಕೊಳ್ಳುತ್ತ ಹೋಗುತ್ತದೆ. ಸವಾರ ಈ ಸುರುಳಿಯ ಮುಂದೆ, ಕೆಲವೊಮ್ಮೆ ಅದರ ಒಳಗೆ ಜಾರುತ್ತಾನೆ. ದಿಬ್ಬದ ಪಕ್ಕದಲ್ಲಿ ಒಂದು ಆಳವಾದ ಕಂಡಿಯಿದೆ. ಬೆಟ್ಟದ ಕಣಿವೆಯಿಂದ ಹರಿದುಬರುವ ಸಿಹಿನೀರು ಹವಳಕ್ಕೆ ಸಲ್ಲದು. ಅದು ಕಡಲಿಗೆ ಸೇರುವ ದಾರಿಯಲ್ಲಿ ದಿಬ್ಬ ಬೆಳೆಯದೆ ಕಂಡಿ ಉಳಿಯಿತು. ಆಳವಾದ ಈ ಕಂಡಿಯಲ್ಲಿ ತೆರೆ ಮುರಿಯುವುದಿಲ್ಲ. ಆದ್ದರಿಂದಲೇ ಪಂದ್ಯದ ದಿನ ದೋಣಿಗಳು ಅಲ್ಲಿ ನಿರ್ಭಯವಾಗಿ ನಿಲ್ಲುತ್ತವೆ.

ಪಂದ್ಯದ ಕ್ರಮವೂ ಸರಳವಾದುದೇ. ಪ್ರತಿ ಸವಾರಿಗೂ ಐವರು ತೀರ್ಪುಗಾರರು ಹತ್ತರಲ್ಲಿ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರರ ಸರಾಸರಿಯನ್ನು ತೆಗೆಯುತ್ತಾರೆ. ನಿಗದಿಯಾದ ಸಮಯದಲ್ಲಿ ಎಷ್ಟು ತೆರೆಗಳನ್ನು ಏರಿದರೂ ಲೆಕ್ಕಕ್ಕೆ ಬರುವುದು ಅತ್ಯುತ್ತಮವಾದ ಎರಡು ಮಾತ್ರ. ೨೦೨೪ರ ಜುಲೈ ೨೯ರಂದು ಬ್ರೆಜಿಲಿನ ಗೇಬ್ರಿಯಲ್ ಮೆಡೀನಾ ಒಂದೇ ತೆರೆಗೆ ೯.೯೦ ಅಂಕ ಗಳಿಸಿದರು. ಆಗಸ್ಟ್ ೫ರ ಅಂತಿಮ ಪಂದ್ಯದಲ್ಲಿ ತಹೀತಿಯವರೇ ಆದ, ಫ್ರಾನ್ಸಿನ ಪರವಾಗಿ ಆಡಿದ ಕೌಲಿ ವಾಸ್ಟ್ ೧೭.೬೭ ಅಂಕಗಳಿಂದ ಚಿನ್ನದ ಪದಕ ಗೆದ್ದರು; ಆಸ್ಟ್ರೇಲಿಯದ ಜಾಕ್ ರಾಬಿನ್ಸನ್‌ಗೆ ದೊರೆತದ್ದು ೭.೮೩. ವಾಸ್ಟ್ ಆರಂಭದಲ್ಲಿಯೇ ಎರಡು ಒಳ್ಳೆಯ ತೆರೆಗಳನ್ನು ಹಿಡಿದರು. ಆಮೇಲೆ ಕಡಲು ಸುಮ್ಮನಾಯಿತು. ಎದುರಾಳಿಯ ಕೌಶಲ ಎಷ್ಟೇ ಇರಲಿ, ಏರಲು ತೆರೆಯೇ ಬರದಿದ್ದರೆ ಮಾಡುವುದೇನು?

ತಳದ ಈ ಮಹಿಮೆಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಲೋಹದ ಕುಶಲಕೆಲಸಕ್ಕೆ ಹೆಸರಾದ ನಾಗಮಂಗಲದ ಕಡೆಯ ಅಗಲವಾದ ಹಿತ್ತಾಳೆ ಪರಾತವೊಂದು ಅಟ್ಟದ ಮೇಲಿದ್ದರೆ ಇಳಿಸಿಕೊಳ್ಳಿ. ಬೇರಾವ ಪರಾತವಾದರೂ ಆದೀತು. ಮೂರು ಬೆರಳಷ್ಟು ನೀರು ಹಾಕಿ, ಒಂದು ಬದಿಯಲ್ಲಿ ಒದ್ದೆ ಮರಳನ್ನು ಸಣ್ಣ ಇಳಿಜಾರಾಗಿ ಹರಡಿ. ಎದುರು ಬದಿಯಿಂದ ಅಳತೆಪಟ್ಟಿಯಿಂದ ನೀರನ್ನು ಒಮ್ಮೆ ತಳ್ಳಿ ನೋಡಿ. ಅಲೆ ಮರಳನ್ನು ಮೆಲ್ಲನೆ ಏರಿ ಅಡಗುತ್ತದೆ. ಮರಳನ್ನು ತೆಗೆದು, ಅದರ ಜಾಗದಲ್ಲಿ ನೀರು ಕೂದಲೆಳೆಯಷ್ಟೇ ಮುಚ್ಚುವಂತೆ ಒಂದು ಚಪ್ಪಟೆ ಕಲ್ಲನ್ನಿಟ್ಟು, ಅಷ್ಟೇ ಬಲದಿಂದ ತಳ್ಳಿ. ಈಗ ಅಲೆ ಕಲ್ಲಿನ ಅಂಚಿನಲ್ಲಿ ಥಟ್ಟನೆ ತಲೆಯೆತ್ತಿ ಮಗುಚುವುದನ್ನು ಕಾಣಬಹುದು. ಕೈ ಒಂದೇ, ನೀರು ಒಂದೇ, ಬದಲಾದುದು ತಳ.

ನದಿಯಲ್ಲಿಯೂ ಇದೇ ನಿಯಮ, ಆದರೆ ತಿರುವುಮುರುವಾಗಿ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ಒಡ್ಡನ್ನು ಹೇಮಾವತಿ ದಾಟಿ ಬೀಳುವಲ್ಲಿ, ಅಥವಾ ಶ್ರೀರಂಗಪಟ್ಟಣದ ಬಂಡೆಗಳ ಮೇಲೆ ಕಾವೇರಿ ಓಡುವಲ್ಲಿ, ದಡದಿಂದಲೇ ನೋಡಿ. ಕೆಲವು ಅಲೆಗಳು ಇದ್ದಲ್ಲಿಯೇ ನಿಂತಿರುತ್ತವೆ. ಕಡಲಲ್ಲಿ ತೆರೆ ಸಾಗುತ್ತದೆ, ನೀರು ನಿಲ್ಲುತ್ತದೆ. ಇಲ್ಲಿ ನೀರು ಸಾಗುತ್ತದೆ, ಅಲೆ ನಿಲ್ಲುತ್ತದೆ. ಅಲೆ ಮೇಲಕ್ಕೇರಲು ಯತ್ನಿಸುವ ವೇಗವೂ ನೀರು ಕೆಳಕ್ಕೆ ಓಡುವ ವೇಗವೂ ಸಮನಾಗಿರುವುದೇ ಇದಕ್ಕೆ ಕಾರಣ. ಒಡ್ಡಿನ ಕೆಳಗಿನ ನೀರು ಮನುಷ್ಯನನ್ನು ಒಳಕ್ಕೆಳೆದು ತಿರುಗಿಸುವಂಥದು, ಅಲ್ಲಿ ಇಳಿಯಲೇಬಾರದು.

ಜರ್ಮನಿಯ ಮ್ಯೂನಿಕ್ ನಗರದ ಐಸ್‌ಬಾಖ್ ಕಾಲುವೆಯಲ್ಲಿ ಇಂಥ ನಿಂತ ಅಲೆಯೊಂದರ ಮೇಲೆ ಜನ ದಶಕಗಳ ಕಾಲ ಸರ್ಫಿಂಗ್ ಮಾಡಿದರು. ೨೦೨೫ರ ಶರತ್ಕಾಲದಲ್ಲಿ ವಾಡಿಕೆಯಂತೆ ಕಾಲುವೆಯ ತಳವನ್ನು ಶುಚಿಗೊಳಿಸಿ ನೀರು ಬಿಟ್ಟಾಗ ಆ ಅಲೆ ಏಳಲಿಲ್ಲ. ಹಾನಿ ಮಾಡಬೇಕೆಂದು ಯಾರೂ ಬಯಸಿರಲಿಲ್ಲ. ತಳವನ್ನು ಮುಟ್ಟಿದ್ದರು, ಅಷ್ಟೆ.

ತಹೀತಿಯ ಜನ ೨೦೨೩ರಲ್ಲಿ ಚಿಂತೆಗೊಳಗಾದದ್ದೂ ಇದಕ್ಕಾಗಿಯೇ. ಒಲಿಂಪಿಕ್ಸ್ ತೀರ್ಪುಗಾರರಿಗಾಗಿ ಹಳೆಯ ಮರದ ಅಟ್ಟಣೆಯ ಬದಲು ಅಲ್ಯೂಮಿನಿಯಮ್ ಗೋಪುರವನ್ನು ಹವಳದ ಮೇಲೆ ನಿಲ್ಲಿಸುವ ಯೋಜನೆ ಸಿದ್ಧವಾಯಿತು. ಊರಿನವರೂ ಸವಾರರೂ ವಿರೋಧಿಸಿದರು. ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಗೋಪುರದ ಗಾತ್ರವನ್ನು ತಗ್ಗಿಸಲಾಯಿತು. ಆದರೂ ಡಿಸೆಂಬರಿನಲ್ಲಿ ಸಾಮಗ್ರಿ ಸಾಗಿಸುವ ದೋಣಿಯನ್ನು ಪರೀಕ್ಷಿಸುವಾಗ ಹವಳಗಳು ಮುರಿದುವು, ಕೆಲಸ ಕೆಲಕಾಲ ನಿಂತಿತು. ಮುಂದೆ ಗೋಪುರ ಕಟ್ಟಿ ಮುಗಿಯಿತು, ಪಂದ್ಯವೂ ನಡೆಯಿತು. ಹವಳದ ದಿಬ್ಬ ಬರಿಯ ಕಲ್ಲಲ್ಲ. ಸಣ್ಣ ಜೀವಿಗಳು ಸುಣ್ಣದಿಂದ ಕಟ್ಟಿದ ಮನೆಗಳ ರಾಶಿ. ಗುಂಡುಗಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು ಬೆಳೆದೀತು. ಒಂದು ಘಳಿಗೆಯಲ್ಲಿ ಮುರಿದ ಅರ್ಧ ಮೀಟರನ್ನು ಅದು ಮತ್ತೆ ಕಟ್ಟಲು ಅರ್ಧ ಶತಮಾನ ಬೇಕು. ಆ ಹವಳವನ್ನೇ ಆಶ್ರಯಿಸಿ ಮೀನು, ಮೀನನ್ನು ಆಶ್ರಯಿಸಿ ಊರು. ತೆರೆಯಂತೂ ಅದರದೇ ಸೃಷ್ಟಿ.

ನಮ್ಮ ನದಿಗಳಿಗೂ ತಳವುಂಟು. ಮರಳನ್ನು ಮಿತಿಮೀರಿ ತೋಡಿದರೆ ಆಳ ಬದಲಾಗುತ್ತದೆ. ಆಳದೊಡನೆ ಹರಿವಿನ ವೇಗ, ವೇಗದೊಡನೆ ದಡ ಕೊರೆಯುವ ಬಲವೂ ಬದಲಾಗುತ್ತವೆ. ನಿನ್ನೆ ಮೊಣಕಾಲುದ್ದವಿದ್ದ ಕಡೆ ಇಂದು ಮಡುವಿರಬಹುದು. ನೀರಿನ ಮೇಲ್ಮೈಯನ್ನು ಕಂಡು ಬೆರಗಾಗುವುದು ಸುಲಭ. ಮುಂದಿನ ಸಲ ತೊಣ್ಣೂರಿನ ಏರಿಯ ಮೇಲಾಗಲಿ, ಸಸಿಹಿತ್ಲುವಿನ ಮರಳಿನ ಮೇಲಾಗಲಿ ನಿಂತಾಗ, ಅಲೆ ಎಲ್ಲಿ ತಲೆಯೆತ್ತಿತೆಂಬುದನ್ನು ಗುರುತಿಸಿ, ಅದರ ಕೆಳಗೆ ಏನಿರಬಹುದೆಂದು ಊಹಿಸಿ. ಕಾಣದ ತಳವನ್ನು ಕಾಣುವ ತೆರೆಯಿಂದ ಓದಲು ಕಲಿಯುವುದು ವಿಜ್ಞಾನದ ಒಂದು ಒಳ್ಳೆಯ ಪಾಠ.