ಬದುವಿನ ಬಂಗಾರ: ತಂಗಡಿ ಹೂ

ಬಯಲುಸೀಮೆಯ ಬದು, ಬಂಜರು ಹಾಗೂ ಕೆರೆಯಂಗಳದ ಅಂಚುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಹಳದಿ ಹೂ ಬಿಟ್ಟು ನಿಲ್ಲುವ ಗಿಡವೇ ತಂಗಡಿ. ಇದಕ್ಕೆ ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳೂ ಉಂಟು. ದನಕರುಗಳು ಇದನ್ನು ಸಾಮಾನ್ಯವಾಗಿ ಮೇಯುವುದಿಲ್ಲ. ಆದುದರಿಂದಲೇ ಬರಗಾಲದಲ್ಲಿಯೂ ಹಸಿರಾಗಿ ಉಳಿಯುತ್ತದೆ. ತೊಗಟೆಯಲ್ಲಿ ಟ್ಯಾನಿನ್ ಹೇರಳವಾಗಿರುವುದರಿಂದ ಚರ್ಮ ಹದಮಾಡಲು ಇದನ್ನು ಬಹುಕಾಲದಿಂದ ಬಳಸಲಾಗಿದೆ. ಸೊಪ್ಪು ಗದ್ದೆಗೆ ಉತ್ತಮ ಹಸಿರು ಗೊಬ್ಬರ. ಎಳೆಯ ಕಡ್ಡಿ ಹಲ್ಲುಜ್ಜಲು ಬರುತ್ತದೆ.

ಗಿಡದ ಗುರುತು

ತಂಗಡಿಯು ಪೊದೆಯಾಗಿ ಬೆಳೆಯುವ ಬಹುವಾರ್ಷಿಕ ಗಿಡ. ಒಂದು ಎಲೆಯಲ್ಲಿ 8 ರಿಂದ 12 ಜೊತೆ ಕಿರುಎಲೆಗಳಿದ್ದು, ಅವುಗಳ ತುದಿ ಮೊಂಡಾಗಿರುತ್ತದೆ. ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಪುಟ್ಟ ಎಲೆಗಳಿರುತ್ತವೆ. ಕಾಯಿ ಕಾಗದದಂತೆ ತೆಳುವಾಗಿ ಚಪ್ಪಟೆಯಾಗಿರುತ್ತದೆ.

ಅಡಿಗೆಯಲ್ಲಿ

ಬೆಳಿಗ್ಗೆ ಅರಳಿದ ಹೂಗಳನ್ನು ಕಿತ್ತು, ತೊಟ್ಟು ತೆಗೆದು, ಎಸಳುಗಳನ್ನು ಎರಡು ಬಾರಿ ತೊಳೆಯಬೇಕು. ಅರ್ಧ ಪಾವು ತೊಗರಿಬೇಳೆಯನ್ನು ಬೇಯಿಸಿ, ಎರಡು ಹಿಡಿ ಎಸಳು, ಹುಣಸೆರಸ, ಸಾರಿನ ಪುಡಿ ಮತ್ತು ಉಪ್ಪು ಸೇರಿಸಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಈರುಳ್ಳಿ, ಕಾಯಿತುರಿ ಹಾಕಿ ಪಲ್ಯವನ್ನೂ ಮಾಡಬಹುದು. ಎಸಳುಗಳನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಡಬ್ಬದಲ್ಲಿಟ್ಟರೆ ಹೂವಿಲ್ಲದ ಕಾಲಕ್ಕೂ ಆಗುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಒಣ ಎಸಳು ಹಾಕಿ ಕುದಿಸಿ ಸೋಸಿದರೆ ಕಷಾಯವಾಗುತ್ತದೆ. ರಸ್ತೆಯ ಬದಿಯಲ್ಲಿರುವ ಅಥವಾ ಕೀಟನಾಶಕ ಸಿಂಪಡಿಸಿದ ಹೊಲದ ಅಂಚಿನ ಹೂ ಬೇಡ.

ಔಷಧಿಯಾಗಿ

ಒಣ ಹೂವನ್ನು ಹೆಸರುಕಾಳಿನೊಡನೆ ಪುಡಿಮಾಡಿ ಸ್ನಾನಕ್ಕೆ ಬಳಸುವ ರೂಢಿಯಿದೆ. ಸಿದ್ಧ ವೈದ್ಯದ ‘ಆವಾರೈ ಕುಡಿನೀರ್’ ಎಂಬ ಕಷಾಯವನ್ನು ಮಧುಮೇಹಕ್ಕೆ ಕೊಡುತ್ತಾರೆ. ಹೂವಿನ ಸಾರವು ಇಲಿಗಳಲ್ಲಿ ರಕ್ತದ ಸಕ್ಕರೆಯನ್ನು ತಗ್ಗಿಸಿದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಇಲಿಗೆ ಆದುದು ಮನುಷ್ಯನಿಗೂ ಅಷ್ಟೇ ಆಗುತ್ತದೆಂದು ಹೇಳಲಾಗದು. ಕಷಾಯವನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಮಾತ್ರೆಯ ಜೊತೆಗೆ ಕಷಾಯವನ್ನೂ ಕುಡಿದರೆ ಸಕ್ಕರೆ ಮಿತಿಮೀರಿ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡರೆ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಗರ್ಭಿಣಿಯರು ಕಷಾಯವನ್ನು ವೈದ್ಯರ ಸಲಹೆಯಿಲ್ಲದೆ ಕುಡಿಯಬಾರದು.

ಹೋಲಿಕೆಯ ಗಿಡದ ಬಗ್ಗೆ ಎಚ್ಚರಿಕೆ

ಮಳೆ ಬಿದ್ದೊಡನೆ ತಿಪ್ಪೆ, ಬೇಲಿಗಳ ಬಳಿ ಹುಟ್ಟುವ ದೊಡ್ಡ ತಗಚೆಯೂ ಹಳದಿ ಹೂವಿನ ಗಿಡವೇ. ಇದರಲ್ಲಿ ಕಿರುಎಲೆಗಳು 4 ರಿಂದ 6 ಜೊತೆ ಮಾತ್ರ. ಅವು ದೊಡ್ಡವು, ತುದಿ ಚೂಪು, ಹಿಸುಕಿದರೆ ಕೆಟ್ಟ ವಾಸನೆ. ಇದರ ಬೀಜ ವಿಷ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಚಿಕ್ಕ ಮಕ್ಕಳ ಸಾವಿಗೆ ಕಾರಣವಾಗಿದ್ದ ಕಾಯಿಲೆಗೂ ಈ ಬೀಜ ತಿನ್ನುವುದಕ್ಕೂ ಸಂಬಂಧವಿರುವುದನ್ನು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಈ ಬೀಜ ತಿಂದ ಮಗುವಿಗೆ ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಮನೆ, ಶಾಲೆಗಳ ಸುತ್ತ ಈ ಗಿಡವನ್ನು ಕಾಯಿ ಕಟ್ಟುವ ಮೊದಲೇ ಕಿತ್ತುಹಾಕುವುದು ಲೇಸು.

ಗುರುತು ಖಚಿತವಿಲ್ಲದಿದ್ದರೆ ಹೂ ಕೀಳಬೇಡಿ. ಖಚಿತವಿದ್ದರೂ ಬೀಜಕ್ಕೆಂದು ಪ್ರತಿ ಗಿಡದಲ್ಲಿ ಒಂದಿಷ್ಟು ಹೂ ಬಿಡಿ. ಬದುವಿನ ತಂಗಡಿ ಮುಂದಿನ ವರ್ಷಕ್ಕೂ ಉಳಿಯುತ್ತದೆ.