ಹಳೆ ಬೋಟಿಗೆ ಎ.ಸಿ. ಆಮೇಲೆ, ಮಾಣಿ

ಗಂಗೊಳ್ಳಿಯಲ್ಲಿ ಕೆಲಸವಿಲ್ಲದೆ ನಿಂತಿದ್ದ ಮರದ ಟ್ರಾಲ್ ಬೋಟೊಂದನ್ನು ನೀನು ಕೊಂಡುಕೊಂಡೆಯಂತೆ, ನಿನ್ನ ಅಬ್ಬಿ ಫೋನಿನಲ್ಲಿ ಹೇಳಿದಳು. ಅದನ್ನು ಪ್ರವಾಸಿ ಬೋಟು ಮಾಡಿ ಪಂಚಗಂಗಾವಳಿಯ ಕುದ್ರುಗಳ ಸುತ್ತ ತಿರುಗಿಸುವುದು, ಎರಡು ಕೋಣೆ ಕಟ್ಟಿ ಎ.ಸಿ. ಹಾಕುವುದು, ಯಾರೋ ಕೊಡುತ್ತಾರೆಂಬ ಹಳೆ ಜನರೇಟರನ್ನು ರಿಪೇರಿ ಮಾಡಿಸಿ ಕೂರಿಸುವುದು. ಯೋಚನೆ ಕೆಟ್ಟದ್ದೇನೂ ಅಲ್ಲ. ಆದರೆ ಈಗಲೇ ಸೋಫಾದ ಬಟ್ಟೆ ಆರಿಸಲು ಉಡುಪಿಗೆ ಹೋಗಿದ್ದೀಯಂತಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಬೋಟನ್ನು ಮೇಲೆ ಎಳೆಸು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇರುವಾಗ ಎಲ್ಲರ ಬೋಟೂ ಮೇಲೆಯೇ ಇರುತ್ತದೆ. ಆಗ ಒಳ್ಳೆಯ ಆಚಾರಿ ನಿನ್ನ ಕೈಗೆ ಸಿಗುವವನಲ್ಲ. ನಿನಗೆ ಮೀನಿನ ಸೀಸನ್ನಿನ ಹಂಗಿಲ್ಲ. ಜನವರಿ, ಫೆಬ್ರವರಿಯಲ್ಲಿ ಮಾಡಿಸು, ಮರವೂ ಒಣಗಿರುತ್ತದೆ. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ, ಹಂಗಾರಕಟ್ಟೆಯಲ್ಲೂ ಅದರ ಜಾಗ ಇದೆ ಎಂದು ಅಲ್ಲಿಗೆ ಓಡಬೇಡ. ಅವರು ಟಗ್ ಕಟ್ಟುವವರು, ನಾರ್ವೆಯ ಕಂಪೆನಿಗೆ ಸರಕು ಹಡಗು ಕಟ್ಟಿಕೊಡಲು ಒಪ್ಪಿಕೊಂಡವರು. ನಿನಗೆ ಬೇಕಾದದ್ದು ಮರದ ಬೋಟು ಕಟ್ಟಿ ಕೈ ಪಳಗಿದ ಒಬ್ಬ ಹಳೆ ಆಚಾರಿ. ಅಂಥವರು ಈಗ ಕಡಿಮೆ. ಫೈಬರ್ ಮತ್ತು ಕಬ್ಬಿಣದ ಬೋಟು ಬಂದ ಮೇಲೆ ಮಕ್ಕಳು ಆ ಕೆಲಸಕ್ಕೆ ಇಳಿಯಲಿಲ್ಲ. ಸಿಕ್ಕಿದರೆ ಕೂಲಿಗೆ ಚೌಕಾಸಿ ಮಾಡಬೇಡ.

ಅವನು ಬರುವ ಮುಂಚೆ ನೀನೇ ಒಂದು ಸುತ್ತಿಗೆ ಹಿಡಿದು ಹಲಗೆ ಹಲಗೆಯನ್ನೂ ಬಡಿದು ಕಾಣು. ಗಟ್ಟಿ ಮರದ ಸದ್ದು ಬೇರೆ, ಒಳಗೆ ಕೊಳೆತ ಮರದ ಸದ್ದು ಬೇರೆ. ಹತ್ತು ಹಲಗೆ ಬಡಿಯುವಷ್ಟರಲ್ಲಿ ಕಿವಿಗೆ ಗೊತ್ತಾಗುತ್ತದೆ. ಸಂಶಯ ಬಂದಲ್ಲಿ ಚೂಪು ಉಳಿಯಿಂದ ಚುಚ್ಚು. ಮೀನು, ಐಸು ತುಂಬುತ್ತಿದ್ದ ಜಾಗದ ಅಡಿಯನ್ನು ಬಿಡದೆ ಕಾಣು. ಮರವನ್ನು ಕೊಳೆಸುವುದು ಉಪ್ಪುನೀರಿಗಿಂತ ಹೆಚ್ಚಾಗಿ ಸಿಹಿನೀರು. ವರ್ಷಗಟ್ಟಲೆ ಐಸು ಕರಗಿ ಇಳಿದದ್ದು ಅಲ್ಲೇ. ಹೊರಮೈಗೆ ಮಾತ್ರ ಇದು ತಿರುಗಾಮುರುಗಾ. ಮರ ಕೊರೆಯುವ ಕಡಲ ಹುಳಕ್ಕೆ ಉಪ್ಪು ಬೇಕು, ಸಿಹಿನೀರಲ್ಲಿ ಅದು ಬಾಳದು. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ತುಂಬಿ ಬರುವ ಮಳೆಗಾಲದಲ್ಲಿ ದೋಣಿಯನ್ನು ಹೊಳೆಯ ಮೇಲಕ್ಕೆ ಒಯ್ದು ಕಟ್ಟಿದರೆ ಅರ್ಧ ಔಷಧ ಹಾಕಿದಂತೆಯೇ.

ಕೊಳೆತ ಹಲಗೆಯ ಮೇಲೆ ಫೈಬರ್ ಹೊದೆಸಿಬಿಡುವಾ ಎಂದು ಯಾರಾದರೂ ಹೇಳಿದರೆ ಆ ಮನುಷ್ಯನನ್ನು ಅಲ್ಲಿಂದಲೇ ಕಳಿಸು. ಒದ್ದೆ ಮರವನ್ನು ಫೈಬರಿನೊಳಗೆ ಮುಚ್ಚಿದರೆ ಅದು ಕಣ್ಣಿಗೆ ಕಾಣದೆ ಕೊಳೆಯುತ್ತದೆ, ಬೋಲ್ಟಿನ ಹಿಡಿತ ಹೋಗುತ್ತದೆ, ಮೇಲಿನಿಂದ ಮಾತ್ರ ಪಳಪಳ. ಹಾಳಾದ ಹಲಗೆ ತೆಗೆದು ಹೊಸದು ಕೂರಿಸು, ತುಕ್ಕು ತಿಂದ ಬೋಲ್ಟು ಬದಲಿಸು, ಸಂದಿಗೆ ಹತ್ತಿ ಬಡಿಸಿ ಮೆತ್ತಿಸು. ಆಮೇಲೆ ನೀರಿಗೆ ಇಳಿಸಿದ ಮೊದಲ ದಿನ ಒಳಗೆ ನೀರು ಒಸರಿದರೆ ಗಾಬರಿ ಬೇಡ. ಒಣಗಿದ ಹಲಗೆ ನೀರು ಕುಡಿದು ಉಬ್ಬಿ ಸಂದಿ ಮುಚ್ಚಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಪಂಪು ಇಟ್ಟು ಒಬ್ಬನನ್ನು ಕಾವಲಿಗೆ ಮಲಗಿಸು. ಇಂಜಿನ್ನಿನ ಶಾಫ್ಟ್ ನೇರ ಇದೆಯೇ ಎಂದು ಅಳೆಯುವುದೂ ಆ ಮೇಲೆಯೇ. ನೆಲದ ಮೇಲೆ ಕೂತ ಬೋಟಿನ ಬೆನ್ನು ಒಂದು ರೀತಿ, ನೀರಲ್ಲಿ ತೇಲುವಾಗ ಇನ್ನೊಂದು ರೀತಿ.

ಇನ್ನು ಕೋಣೆಗಳ ವಿಷಯ. ಟ್ರಾಲ್ ಬೋಟು ಕಟ್ಟಿದವರು ಭಾರ ಕೆಳಗೆ ಇರಲೆಂದು ಕಟ್ಟಿದ್ದು: ಐಸು, ಮೀನು, ಡೀಸೆಲ್. ನೀನು ಅದನ್ನೆಲ್ಲ ಖಾಲಿ ಮಾಡಿ, ಮೇಲೆ ಕೋಣೆ, ಮಾಡಿನ ಮೇಲೆ ನೀರಿನ ಟ್ಯಾಂಕ್, ಅದರ ಮೇಲೆ ಸೆಲ್ಫಿ ತೆಗೆಯುವ ಜನ ಎಂದರೆ ಬೋಟು ತಲೆಭಾರವಾಗುತ್ತದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿ 22 ಜನ ಸತ್ತರಲ್ಲ, ಅದು ಮೀನಿನ ಬೋಟನ್ನೇ ಪ್ರವಾಸಿ ಬೋಟು ಮಾಡಿದ್ದು; ಮೇಲೆ ಅಟ್ಟ, ತುಂಬ ಜನ. ನಿನ್ನ ಬೋಟಿಗೆ ಮಾಡಿನ ಮೇಲೆ ಹತ್ತುವ ಏಣಿಯೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಈಗ ಜನರೇಟರ್. ಎಲ್ಲೋ ಕಲ್ಯಾಣ ಮಂಟಪದಲ್ಲಿದ್ದ 25 ಕೆ.ವಿ.ಎ. ಸೆಟ್ಟು ಅಗ್ಗಕ್ಕೆ ಸಿಗುತ್ತದೆ ಎಂದೆಯಂತೆ. ಲೆಕ್ಕ ಹಾಕು. ಒಂದೂವರೆ ಟನ್ನಿನ ಎರಡು ಎ.ಸಿ., ಫ್ರಿಜ್ಜು, ಪಂಪು, ದೀಪ ಎಲ್ಲ ಸೇರಿ ನಾಲ್ಕೈದು ಕಿಲೋವ್ಯಾಟ್. 25 ಕೆ.ವಿ.ಎ. ಎಂದರೆ 20 ಕಿಲೋವ್ಯಾಟ್ ಕೊಡುವ ಯಂತ್ರ. ಕಾಲುಭಾಗ ಕೆಲಸವೂ ಇಲ್ಲದೆ ರಾತ್ರಿಯಿಡೀ ಓಡುವ ಡೀಸೆಲ್ ಇಂಜಿನ್ನು ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಸೇರುತ್ತದೆ, ಸಿಲಿಂಡರಿನ ಗೋಡೆ ನುಣುಪಾಗಿ ಆಯಿಲ್ ಕುಡಿಯಲು ಶುರು ಮಾಡುತ್ತದೆ. ನಿನಗೆ 7.5 ಕೆ.ವಿ.ಎ. ಸಾಕು, ಎ.ಸಿ. ಇನ್‌ವರ್ಟರ್ ಜಾತಿಯದ್ದಾದರೆ ಸ್ಟಾರ್ಟಿಂಗಿನಲ್ಲಿ ಎಳೆಯುವುದೂ ಕಡಿಮೆ. ನಿಮಿಷಕ್ಕೆ 1500 ಸುತ್ತಿನದ್ದೇ ತೆಗೆದುಕೋ. 3000 ಸುತ್ತಿನದ್ದು ಚಿಕ್ಕದು, ಅಗ್ಗ, ಆದರೆ ಅದರ ಸದ್ದಿಗೆ ನಿನ್ನ ಗಿರಾಕಿ ನಿದ್ದೆ ಮಾಡಲಾರ.

ಹಳೆ ಸೆಟ್ಟೇ ಆದರೂ ಚಿಂತೆಯಿಲ್ಲ, ಆದರೆ ತಂದ ದಿನವೇ ಬ್ಯಾಟರಿ ಕೊಟ್ಟು ತಿರುಗಿಸಬೇಡ. ಹಳೆ ಆಯಿಲ್ ತೆಗೆದು ಹೊಸದು ಹಾಕು. ಇಂಜೆಕ್ಟರ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಡು, ಮರುದಿನ ಕೈಯಿಂದ ಸುತ್ತಿಸಿ ಕಾಣು. ಡೀಸೆಲ್ ಟ್ಯಾಂಕಿನ ಅಡಿಯ ನೀರು ಬಸಿ. ನಮ್ಮ ಮಳೆಗಾಲ ದಾಟಿದ ಟ್ಯಾಂಕಿನಲ್ಲಿ ನೀರು ಇರದಿದ್ದರೆ ಆಶ್ಚರ್ಯ. ಆಲ್ಟರ್ನೇಟರಿನ ಸುರುಳಿಗೆ ಉಪ್ಪುಗಾಳಿ ಹಿಡಿದಿರುತ್ತದೆ. ಎಲೆಕ್ಟ್ರಿಷನ್ನಿಂದ ಮೆಗ್ಗರ್ ಹಿಡಿಸು, ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಒಳಗೆ ಬಲ್ಬು ಉರಿಸಿಟ್ಟು ಎರಡು ಮೂರು ದಿನ ಒಣಗಿಸಿ ಮತ್ತೆ ನೋಡು. ಇಂಜಿನ್ ಚೆನ್ನಾಗಿ ಓಡಿಯೂ ಕರೆಂಟು ಬಾರದಿದ್ದರೆ ಸುಟ್ಟೇ ಹೋಗಿದೆ ಎಂದು ರಿವೈಂಡಿಂಗಿಗೆ ಕೊಡಬೇಡ. ವರ್ಷಗಟ್ಟಲೆ ನಿಂತದ್ದಕ್ಕೆ ಉಳಿದ ಕಾಂತಶಕ್ತಿ ಹೋಗಿರಬಹುದು. ಬಲ್ಲವನು ಬ್ಯಾಟರಿ ಮುಟ್ಟಿಸಿ ಎಬ್ಬಿಸುತ್ತಾನೆ.

ಹೊಳೆನೀರು ಎಳೆದು ತಂಪಾಗುವ ಮರೀನ್ ಸೆಟ್ಟಾದರೆ ಇನ್ನೊಂದು ಗುಟ್ಟು ಕೇಳು. ಸ್ಟಾರ್ಟ್ ಆಗದ ಇಂಜಿನ್ನನ್ನು ಮತ್ತೆ ಮತ್ತೆ ತಿರುಗಿಸಿದರೆ ನೀರಿನ ಪಂಪೂ ತಿರುಗುತ್ತದೆ, ನೀರು ಸೈಲೆನ್ಸರಿನಲ್ಲಿ ತುಂಬುತ್ತದೆ. ತಳ್ಳಿ ಹೊರಹಾಕಲು ಹೊಗೆಯಿಲ್ಲವಾದ್ದರಿಂದ ಅದು ಹಿಂದಕ್ಕೆ ಸಿಲಿಂಡರಿಗೇ ಬರುತ್ತದೆ. ಒಳ್ಳೆಯ ಇಂಜಿನ್ನುಗಳು ಹೀಗೆಯೇ ಹಾಳಾಗುವುದು. ಎರಡು ಸಲಕ್ಕೆ ಸ್ಟಾರ್ಟ್ ಆಗದಿದ್ದರೆ ನೀರಿನ ವಾಲ್ವ್ ಮುಚ್ಚಿ ಮುಂದುವರಿ, ಇಂಜಿನ್ ಹಿಡಿದ ಕೂಡಲೇ ತೆರೆ. ತೆರೆಯಲು ಮರೆತರೆ ಪಂಪಿನ ರಬ್ಬರು ಒಣಗಿ ತುಂಡಾಗುತ್ತದೆ. ತುಂಡಾದ ಚೂರುಗಳನ್ನು ಹುಡುಕಿ ಲೆಕ್ಕ ಸರಿಯಾಗುವ ತನಕ ಹೊಸದು ಹಾಕಬೇಡ, ಕೂಲರಿನ ಬಾಯಲ್ಲಿ ಸಿಕ್ಕಿಕೊಂಡಿರುತ್ತವೆ.

ಇದೆಲ್ಲ ಹಣದ ವಿಷಯ. ಹೊಗೆಯದ್ದು ಜೀವದ ವಿಷಯ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಎ.ಸಿ. ಹಾಕಿ ಬಾಗಿಲು ಮುಚ್ಚಿ ಮಲಗಿದವನಿಗೆ ಗೊತ್ತೇ ಆಗುವುದಿಲ್ಲ. ಲಂಗರು ಹಾಕಿ ನಿಂತ ಬೋಟಿನಲ್ಲಿ ಗಾಳಿ ಹಿಂದಿನಿಂದ ಬೀಸಿದರೆ ಹೊರಗೆ ಹೋದ ಹೊಗೆಯೂ ಒಳಗೆ ಬರುತ್ತದೆ. ಹೊಗೆಕೊಳವೆಯ ಪ್ರತಿ ಜೋಡಣೆಯಲ್ಲೂ ಮಸಿಯ ಗುರುತು ಇದೆಯೇ ಕಾಣು, ಪ್ರತಿ ಕೋಣೆಗೂ ಒಂದು ಅಲಾರಂ ಹಾಕು. ಪೆಟ್ರೋಲ್ ಜನರೇಟರನ್ನು ಬೋಟಿನ ಒಳಗೆ ಇಡಲೇಬೇಡ, ಅದರ ಹೊಗೆ ಇನ್ನೂ ವಿಷ, ಆವಿ ತಳದಲ್ಲಿ ಇಳಿದು ಕೂರುತ್ತದೆ. ಅಡುಗೆ ಗ್ಯಾಸೂ ಹಾಗೆಯೇ, ಸಿಲಿಂಡರು ಹೊರಗಿರಲಿ. 2023ರ ದೀಪಾವಳಿಯಲ್ಲಿ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಬೋಟುಗಳು ಸಾಲಾಗಿ ಹೊತ್ತಿಕೊಂಡದ್ದನ್ನು ನೀನೂ ಕಂಡಿದ್ದೀ. ಒಂದಕ್ಕೆ ಹಿಡಿದರೆ ಪಕ್ಕದ್ದು ಉಳಿಯುವುದಿಲ್ಲ.

ಕಾಗದಪತ್ರ ಕೊನೆಗೆ ಎಂದು ಇಡಬೇಡ. ಮೀನಿನ ಬೋಟಿನ ರಿಜಿಸ್ಟ್ರೇಷನ್ ಹಿಡಿದು ಜನ ಹತ್ತಿಸುವ ಹಾಗಿಲ್ಲ. 1917ರ ಹಳೆ ಕಾಯ್ದೆ ಹೋಗಿ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಸರ್ವೆ, ಹೊಸ ನೋಂದಣಿ, ವಿಮೆ ಎಲ್ಲ ಬೇಕು. ಕೋಣೆ ಕಟ್ಟುವ ಮುಂಚೆಯೇ ನಕ್ಷೆ ಹಿಡಿದು ಬಂದರು ಇಲಾಖೆಗೆ ಹೋಗು, ಕಟ್ಟಿದ ಮೇಲೆ ಒಡೆಸಿದರೆ ಆಚಾರಿ ಎರಡನೇ ಸಲ ಬರಲಿಕ್ಕಿಲ್ಲ.

ಎಲ್ಲ ಮುಗಿದ ಮೇಲೆ ಗಿರಾಕಿಗಳಿಲ್ಲದೆ ಒಂದು ರಾತ್ರಿ ಬೋಟಿನಲ್ಲೇ ಕಳೆ. ಅಳಿವೆಯ ಕಡೆ ಹೋಗಬೇಡ, ಉಬ್ಬರ ನೋಡಿ ಹೊಳೆಯ ಮೇಲಕ್ಕೆ ಹೋಗಿ ಲಂಗರು ಹಾಕು. ಎರಡೂ ಎ.ಸಿ. ಹಾಕಿ, ಎಲ್ಲ ದೀಪ ಉರಿಸಿ, ಜನರೇಟರನ್ನು ಬೆಳಗಿನ ತನಕ ಓಡಿಸು. ಗಂಟೆಗೊಮ್ಮೆ ಆಯಿಲಿನ ಒತ್ತಡ, ನೀರಿನ ಬಿಸಿ, ತಳದಲ್ಲಿ ನಿಂತ ನೀರು ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡು. ಕೋಣೆಯೊಳಗೆ ಯಾರೂ ಮಲಗಬಾರದು ಆ ದಿನ. ನಾನೂ ಬರುತ್ತೇನೆ, ನನಗೆ ಹೇಗೂ ರಾತ್ರಿ ನಿದ್ದೆ ಕಡಿಮೆ. ನಿನ್ನ ಅಬ್ಬಿಗೆ ಹೇಳಿ ಬಂಗುಡೆ ಸಾರು ಕಟ್ಟಿಸಿಕೊಂಡು ಬಾ. ಸೋಫಾ ಅಷ್ಟೊತ್ತಿಗೆ ಬಂದಿರದಿದ್ದರೂ ನಡೆಯುತ್ತದೆ, ಚಾಪೆ ಸಾಕು.